ಅಮೃತ್ ಅಂಕಲ್ ಏನಂದರು?

ಪೀಂ!

"ಮತ್ತೆ ಜಯೇಶನಿಗೇ!" ಪಪ್ಪ ಬೆಂಚಿನಿಂದ ಎದ್ದೇ ಬಿಟ್ಟರು. "ಎಂತ ಮಾಡಿದ ಅವನು? ಮುಟ್ಟಲೂ ಇಲ್ಲ ಮಾರಾಯ್ರೆ!"

"ಒಮ್ಮೆ ಕೂತ್ಕೊಳ್ಳಿ," ಅಮ್ಮ ಅವರ ಜಾಕೆಟ್ ಹಿಡಿದು ಎಳೆದರು. "ಎಲ್ಲ ನಮ್ಮನ್ನೇ ನೋಡ್ತಿದ್ದಾರೆ."

ನೋಡಿದರೆ ನೋಡಲಿ! ದೀಕ್ಷಿತಾಗೂ ಸಿಟ್ಟು ಬಂದಿತ್ತು. ಕೋರ್ಟಿನ ನಡುವೆ ಅವಳ ಅಣ್ಣ ಜಯೇಶ್ ಎರಡೂ ಕೈ ಚಾಚಿ, ನಾನೇನು ಮಾಡಿದೆ ಎಂಬಂತೆ ನಿಂತಿದ್ದ. ವಿಶಲ್ ಊದಿದ ರೆಫ್ರಿ ಅಮೃತ್ ಅಂಕಲ್ ಅವನ ಮುಖವನ್ನೂ ನೋಡಲಿಲ್ಲ. ಸ್ಕೋರ್ ಬರೆಯುವ ಟೇಬಲ್ಲಿನ ಕಡೆ ತಿರುಗಿ ಬೆರಳುಗಳಲ್ಲಿ ಅವನ ಜರ್ಸಿಯ ನಂಬರ್ ತೋರಿಸಿದರು. ಟೇಬಲ್ಲಿನವರು 3 ಎಂದು ಬರೆದ ಹಲಗೆ ಎತ್ತಿದರು. ಮೂರು ಫೌಲ್. ಐದಾದರೆ ಆಟದಿಂದಲೇ ಹೊರಗೆ.

ಅದು ಬಾಸ್ಕೆಟ್‌ಬಾಲ್ ಸೆಮಿಫೈನಲ್. ಹಸಿರು ಜರ್ಸಿ ಜಯೇಶನ ಸಿಡ್ನಿ ಕಾಲೇಜಿನದು, ಹಳದಿ ಜರ್ಸಿ ಮೆಲ್ಬರ್ನಿನಿಂದ ಬಂದ ಕಾಲೇಜಿನದು. ಹಸಿರಿನವರಲ್ಲಿ ಬಾಸ್ಕೆಟ್ ಹಾಕುವುದರಲ್ಲಿ ಜಯೇಶನೇ ಮುಂದು. ಅವನು ಹೊರಗೆ ಹೋದರೆ ಮ್ಯಾಚ್ ಹೋದಂತೆಯೇ.

ಅಮೃತ್ ಅಂಕಲ್ ಹೊರಗಿನವರೇನಲ್ಲ. ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಇವರ ಮನೆಯಿಂದ ಎರಡು ಬೀದಿ ಆಚೆ ಅವರ ಮನೆ. ವಾರವೆಲ್ಲ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ, ಶನಿವಾರ ಬಂದರೆ ರೆಫ್ರಿ. ಹೋದ ಭಾನುವಾರ ಇವರ ಮನೆಯಲ್ಲಿ ಸಾಕು ಸಾಕು ಎನ್ನುತ್ತಲೇ ಅಮ್ಮನ ನೀರುದೋಸೆಯನ್ನು ಹೊಟ್ಟೆ ಬಿರಿಯ ತಿಂದಿದ್ದರು. ಆವತ್ತು ದೀಕ್ಷಿತಾಳ ಹತ್ತಿರ ಮಾತಾಡುವಾಗ ಅವರ ಖುಷಿ ಹೇಳತೀರದು.

"ಪುಟ್ಟಿ, ಮುಂದಿನ ತಿಂಗ್ಳು ಮೆಲ್ಬರ್ನಲ್ಲಿ ಹುಡುಗೀರ ಫೈನಲ್ ಇದೆಯಲ್ಲ, ಅದಕ್ಕೆ ರೆಫ್ರಿ ಯಾರು ಗೊತ್ತಾ? ನಾನೇ ಕಣೇ! ಇಷ್ಟು ವರ್ಷಕ್ಕೆ ಮೊದಲ್ನೇ ಸಲ ಇಂಥಾ ದೊಡ್ಡ ಮ್ಯಾಚ್ ಸಿಕ್ಕಿದೆ."

ಅಂಥ ಅಂಕಲ್ ಇವತ್ತು ದೀಕ್ಷಿತಾ ಕೈ ಬೀಸಿದರೆ ನೋಡಿಯೂ ನೋಡದವರಂತೆ ಮುಂದೆ ಹೋಗಿದ್ದರು. ಮೆಲ್ಬರ್ನ್ ಕೋಚ್ ಸಿಕ್ಕಾಗ ಮಾತ್ರ ಕೈ ಕುಲುಕಿ ನಕ್ಕಿದ್ದರು. ಯಾಕೆ?

"ನನಗೆ ಗೊತ್ತುಂಟು ಯಾಕೆ ಅಂತ," ಪಪ್ಪ ಹಲ್ಲು ಕಡಿದರು. "ಪಿಕ್ನಿಕ್ಕಿನ ದಿನ ನಾನು ಇವನಿಗೆ ಎಲ್‌ಬಿಡಬ್ಲ್ಯೂ ಕೊಟ್ಟೆನಲ್ಲ, ಅದರ ಸೇಡು ಇದು!"

"ಅಯ್ಯೋ ದೇವರೇ!" ಅಮ್ಮ ಹಣೆ ಚಚ್ಚಿಕೊಂಡರು. "ಕಸದ ಡಬ್ಬಿಯನ್ನು ವಿಕೆಟ್ ಮಾಡಿ ಆಡಿದ ಕ್ರಿಕೆಟ್ಟಿಗೆ ಈಗ ಸೇಡಾ?"

"ಬಟ್ ಅಂಕಲ್ ಈಸ್ ನೈಸ್, ಪಪ್ಪಾ," ಎಂದಳು ದೀಕ್ಷಿತಾ. ಮನೆಯಲ್ಲಿ ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು.

"ನೈಸಂತೆ ನೈಸ್! ನೋಡ್ತಾ ಇರು ನೀನು."

ದೀಕ್ಷಿತಾ ನೋಡುತ್ತಾ ಕೂತಳು. ಒಮ್ಮೆ ಅನುಮಾನ ತಲೆಯೊಳಗೆ ಹೊಕ್ಕಿತೋ ಇಲ್ಲವೋ, ಎಲ್ಲವೂ ಹಾಗೆಯೇ ಕಾಣತೊಡಗಿತು. ಅಂಕಲ್ ಮೂಗು ಒರೆಸಿಕೊಂಡರೂ ಅದು ಮೆಲ್ಬರ್ನಿನವರಿಗೆ ಏನೋ ಸನ್ನೆ ಇರಬೇಕು ಅನಿಸಿತು. ಕೋರ್ಟಿನಲ್ಲಿ ಇನ್ನೊಬ್ಬ ರೆಫ್ರಿಯೂ ಇದ್ದರು, ಆದರೆ ಅವರ ಕಡೆ ಇವರ್ಯಾರೂ ತಿರುಗಿಯೂ ನೋಡಲಿಲ್ಲ.

ಬ್ರೇಕ್ ಮುಗಿದು ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಮತ್ತೆ ಪೀಂ! ಜಯೇಶನಿಗೆ ನಾಲ್ಕನೇ ಫೌಲ್. ಊದಿದ್ದು ಅದೇ ಅಮೃತ್ ಅಂಕಲ್.

"ಬರಲಿ ಇವನು ಇನ್ನು ನಮ್ಮ ಮನೆಗೆ!" ಪಪ್ಪನ ಮುಖ ಕೆಂಪಾಯಿತು. "ದೋಸೆಯಲ್ಲ, ದೋಸೆ ಕಾವಲಿಯನ್ನೂ ತೋರಿಸುವುದಿಲ್ಲ."

ಹತ್ತಿರದಿಂದಲೇ ನೋಡಬೇಕು ಎಂದು ದೀಕ್ಷಿತಾ ನಿರ್ಧರಿಸಿದಳು. ಚಿಪ್ಸ್ ತರುತ್ತೇನೆ ಎಂದು ಅಮ್ಮನಿಗೆ ಹೇಳಿ ಕೆಳಗಿಳಿದಳು. ಚಿಪ್ಸ್ ಕೊಂಡು, ಮೆಲ್ಬರ್ನ್ ಆಟಗಾರರ ಬೆಂಚಿನ ಹಿಂದೆಯೇ ಖಾಲಿ ಇದ್ದ ಸೀಟಿನಲ್ಲಿ ಸದ್ದಿಲ್ಲದೆ ಕೂತಳು. ಅಲ್ಲಿಂದ ಕೋರ್ಟಿನ ಗೆರೆ ನಾಲ್ಕೇ ಹೆಜ್ಜೆ.

ಪಕ್ಕದಲ್ಲಿ ಹಳದಿ ಸ್ಕಾರ್ಫ್ ಸುತ್ತಿಕೊಂಡ ಒಬ್ಬರು ಹೆಂಡತಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು: "ಆ ರೆಫ್ ತನ್ನವರನ್ನೇ ಕಾಯ್ತಿದ್ದಾನೆ. ಗೊತ್ತಾಗಲ್ವಾ? ಅವನೂ ಇಂಡಿಯನ್, ಆ ಹುಡುಗನೂ ಇಂಡಿಯನ್."

ಬಾಯಿಗಿಟ್ಟ ಚಿಪ್ಸ್ ಹಾಗೇ ನಿಂತಿತು. ಕಾಯೋದಾ? ನಾಲ್ಕು ಫೌಲ್ ಕೊಟ್ಟು ಕಾಯೋದಾ? ಇವರಿಗೇನು ಕಣ್ಣು ಕಾಣಲ್ವಾ?

ಅಷ್ಟರಲ್ಲಿ ಟೇಬಲ್ಲಿನವರು ಮತ್ತೆ 4ರ ಹಲಗೆ ಎತ್ತಿದರು. ಈ ಸಲ ಅದು ಹಳದಿಯ ಒಂಬತ್ತನೇ ನಂಬರಿಗೆ. ಉದ್ದನೆಯ ಹುಡುಗ, ಮುಖದ ತುಂಬ ಕಂದು ಚುಕ್ಕೆ. ಜಯೇಶನನ್ನು ತಡೆಯುವ ಕೆಲಸ ಅವನದು. ಈಗ ಇಬ್ಬರಿಗೂ ನಾಲ್ಕು ನಾಲ್ಕು.

ಬಾಲ್ ಗೆರೆ ದಾಟಿ ದೀಕ್ಷಿತಾಳ ಎದುರಿಗೇ ಬಂತು. ಅಮೃತ್ ಅಂಕಲ್ ಅದನ್ನು ಎತ್ತಿಕೊಂಡರು. ಹಳದಿಯವನೊಬ್ಬನಿಗೆ ಬಾಲ್ ಕೊಡಲು ಹೋಗುವಾಗ ಜಯೇಶನನ್ನು ದಾಟಿದರು. ಆಗ ಅವರ ಬಾಯಿಂದ ಮೆಲ್ಲಗೆ ಮಾತು ಬಂತು.

"ಕೈ ಇಳ್ಸೋ ಜಯೇಶ. ಇನ್ನೊಂದಾದ್ರೆ ನೀನು ಔಟ್."

ಕನ್ನಡದಲ್ಲಿ! ಹಳದಿಯವನನ್ನು ತಡೆಯಲು ಚಾಚಿದ್ದ ಕೈಯನ್ನು ಜಯೇಶ್ ತಟ್ಟನೆ ಇಳಿಸಿದ.

ದೀಕ್ಷಿತಾ ನಕ್ಕೇ ಬಿಟ್ಟಳು. ಹಾಗಾದರೆ ಅಂಕಲ್ ನಮ್ಮ ಕಡೆ! ಸೇಡೂ ಇಲ್ಲ, ಗೀಡೂ ಇಲ್ಲ! ಓಡಿಹೋಗಿ ಪಪ್ಪನಿಗೆ ಹೇಳಬೇಕು ಅನಿಸಿತು.

"ಹೇ ರೆಫ್!" ಮೆಲ್ಬರ್ನ್ ಕೋಚ್ ಕೂಗಿದ. "ಏನು ಹೇಳಿದೆ ಅವನಿಗೆ? ಇಂಗ್ಲಿಷಲ್ಲಿ ಹೇಳು, ನಮಗೂ ಕೇಳಲಿ!"

ಅಂಕಲ್ ಹಳದಿಯವನ ಕೈಗೆ ಬಾಲ್ ಕೊಟ್ಟರು. ಆಟ ಮುಂದುವರಿಯಿತು.

ಕೊನೆಯ ನಿಮಿಷಗಳಲ್ಲಿ ಜಯೇಶ್ ಬಾಲ್ ಹಿಡಿದು ನುಗ್ಗಿದ. ಒಂಬತ್ತನೇ ನಂಬರಿನವನು ಅವಸರದಲ್ಲಿ ಕೈ ಚಾಚಿದ. ಪೀಂ! ಊದಿದ್ದು ಅಮೃತ್ ಅಂಕಲ್. ಐದನೇ ಫೌಲ್.

ಆ ಹುಡುಗ ಬಂದು ದೀಕ್ಷಿತಾಳ ಎದುರಿನ ಬೆಂಚಿನಲ್ಲೇ ಕುಸಿದು ಕೂತ. ಟವೆಲ್ಲನ್ನು ತಲೆಯ ಮೇಲೆ ಎಳೆದುಕೊಂಡ. ಅವನ ಭುಜ ಅಲುಗುತ್ತಿತ್ತು. ಅಷ್ಟು ದೊಡ್ಡ ಹುಡುಗ ಅಳುತ್ತಿದ್ದಾನೆ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವಳಿಗೆ ಚಿಪ್ಸ್ ತಿನ್ನಲು ಆಗಲಿಲ್ಲ.

ಒಂದೇ ಒಂದು ಬಾಸ್ಕೆಟ್ಟಿನಿಂದ ಹಸಿರಿನವರು ಗೆದ್ದರು. ಆ ಬಾಸ್ಕೆಟ್ ಹಾಕಿದ್ದು ಜಯೇಶ್.

ಪಪ್ಪ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ದೀಕ್ಷಿತಾಳ ಹತ್ತಿರ ಬಂದರು. "ಎಂಥ ಆಟ! ಅಮೃತನೂ ಪರವಾಗಿಲ್ಲ ಮಾರಾಯ್ತಿ, ಕೊನೆಗೆ ಸರಿಯಾಗಿ ಊದಿದ!"

ಆದರೆ ಮೆಲ್ಬರ್ನ್ ಕೋಚ್ ಅಷ್ಟರಲ್ಲಿ ನೀಲಿ ಜಾಕೆಟ್ಟಿನ ಒಬ್ಬ ಹೆಂಗಸನ್ನು ಅಮೃತ್ ಅಂಕಲ್ ಹತ್ತಿರ ಕರೆತಂದಿದ್ದ. ರೆಫ್ರಿಗಳಿಗೆಲ್ಲ ಅವರೇ ಸೂಪರ್‌ವೈಸರ್.

"ಅವರ ಭಾಷೆಯಲ್ಲಿ ಆ ಹುಡುಗನಿಗೆ ಏನೋ ಹೇಳಿಕೊಟ್ಟಿದ್ದಾನೆ," ಎಂದ ಕೋಚ್.

"ಅಂಥದ್ದೇನಿಲ್ಲ," ಎಂದರು ಅಮೃತ್ ಅಂಕಲ್. "ಸುಮ್ಮನೆ ಒಂದು ಮಾತು."

"ಏನು ಮಾತು? ಈ ಪುಟ್ಟ ಹುಡುಗಿ ಅಲ್ಲೇ ಇದ್ದಳು. ಕೇಳಿಸಿಕೊಂಡು ನಕ್ಕಳು. ನಾನೇ ನೋಡಿದೆ."

ಎಲ್ಲರೂ ದೀಕ್ಷಿತಾಳ ಕಡೆ ತಿರುಗಿದರು. ಸೂಪರ್‌ವೈಸರ್ ಬಗ್ಗಿ, "ನಿನಗೆ ಅರ್ಥ ಆಯ್ತಾ? ಅವರು ಏನು ಹೇಳಿದರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಸರಿಯಾಗಿ ಆಡು ಅಂದದ್ದು ಅಂತ ಹೇಳು ಮಗಾ," ಹಿಂದಿನಿಂದ ಪಪ್ಪ ಬೇಗ ಬೇಗ ಕನ್ನಡದಲ್ಲಿ ಹೇಳಿದರು. "ಅಷ್ಟೇ ಸಾಕು."

ದೀಕ್ಷಿತಾ ಪಪ್ಪನ ಮುಖ ನೋಡಿದಳು. ಅಷ್ಟೇ ಹೇಳಿದರೆ ಆಯಿತು. ಯಾರಿಗೂ ಗೊತ್ತಾಗುವುದಿಲ್ಲ. ನಿಜ ಹೇಳಿದರೆ ಅಂಕಲ್‌ನ ಮೆಲ್ಬರ್ನ್ ಫೈನಲ್ ಏನಾಗುತ್ತದೋ! ಜಯೇಶ್ ತನ್ನ ಶೂ ನೋಡುತ್ತಾ ನಿಂತಿದ್ದ. ಅಂಕಲ್ ವಿಶಲ್ಲಿನ ದಾರವನ್ನು ಬೆರಳಿಗೆ ಸುತ್ತುತ್ತಿದ್ದರು. ಕೋಚ್‌ನ ಹಿಂದೆ ಒಂಬತ್ತನೇ ನಂಬರಿನವನು ಟವೆಲ್ ಹಿಡಿದುಕೊಂಡು ಅವಳ ಬಾಯನ್ನೇ ನೋಡುತ್ತಿದ್ದ. ಅವನ ಕಣ್ಣು ಕೆಂಪಾಗಿತ್ತು.

"ಕೈ ಇಳಿಸು ಅಂದರು," ಅವಳು ಇಂಗ್ಲಿಷಿನಲ್ಲಿ ಹೇಳಿದಳು. "ಇನ್ನೊಂದಾದರೆ ನೀನು ಔಟ್ ಅಂದರು."

"ನೋಡಿದಿರಾ!" ಎಂದ ಕೋಚ್.

ಸೂಪರ್‌ವೈಸರ್ ಅಂಕಲ್ ಕಡೆ ತಿರುಗಿದರು. "ಒಂಬತ್ತನೇ ನಂಬರಿಗೂ ನಾಲ್ಕಾಗಿತ್ತು. ಅವನಿಗೂ ಹೇಳಿದಿರಾ?"

ಅಂಕಲ್ ಕತ್ತು ಹೊರಳಿಸಿದರು. ಆ ಹುಡುಗನನ್ನು ಈಗಷ್ಟೇ ಕಂಡವರಂತೆ ನೋಡಿದರು.

"ಇಲ್ಲ," ಎಂದರು ಕೊನೆಗೆ. "ಬೇಕಂತ ಮಾಡಿದ್ದಲ್ಲ. ಜಯೇಶ್ ನನ್ನ ಕಣ್ಣೆದುರಿಗೇ ಬೆಳೆದವನು. ಮಾತು ತಾನಾಗಿಯೇ ಬಾಯಿಗೆ ಬಂದುಬಿಡ್ತು. ಆದರೆ... ಇಲ್ಲ. ಅವನಿಗೆ ಹೇಳಲಿಲ್ಲ."

ಮ್ಯಾಚಿನ ಫಲಿತಾಂಶ ಬದಲಾಗುವುದಿಲ್ಲ ಎಂದರು ಸೂಪರ್‌ವೈಸರ್. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಮೆಲ್ಬರ್ನ್ ಫೈನಲ್‌ಗೆ ನಾನು ಬೇರೆಯವರನ್ನು ಕೇಳಬೇಕಾಗುತ್ತೆ, ಅಮೃತ್," ಎಂದರು. ಅಂಕಲ್ ಸುಮ್ಮನೆ ತಲೆಯಾಡಿಸಿ ವಿಶಲ್ಲನ್ನು ಕುತ್ತಿಗೆಯಿಂದ ತೆಗೆದರು.

ಕಾರಿನಲ್ಲಿ ಕೂತ ಮೇಲೆ ಪಪ್ಪನಿಗೆ ತಡೆಯಲಾಗಲಿಲ್ಲ. "ಎರಡು ಮಾತು! ಅದಕ್ಕೆ ಇಷ್ಟು ದೊಡ್ಡ ಶಿಕ್ಷೆಯಾ? ನೀನು ಯಾಕೆ ಹೇಳಲಿಕ್ಕೆ ಹೋದದ್ದು? ಅವನು ನಮ್ಮವನಲ್ವಾ?"

ದೀಕ್ಷಿತಾಳ ಕಣ್ಣು ತುಂಬಿ ಬಂತು. ಅಂಕಲ್ ಇನ್ನು ಮನೆಗೆ ಬರುವುದಿಲ್ಲ, ಪುಟ್ಟಿ ಅಂತ ಕರೆಯುವುದಿಲ್ಲ ಅನಿಸಿತು. ಅವಳು ಮೂಗು ಒರೆಸಿಕೊಂಡು, ಪದ ಪದ ಹುಡುಕಿ ಕನ್ನಡದಲ್ಲೇ ಹೇಳಿದಳು: "ಒಂಬತ್ತನೇ ನಂಬರಿಗೆ ಯಾರೂ ಹೇಳ್ಲಿಲ್ಲ, ಪಪ್ಪಾ."

ಪಪ್ಪ ಕಾರು ಹೊರಡಿಸಲು ಹೋದವರು ಸ್ಟೀರಿಂಗಿನಿಂದ ಕೈ ತೆಗೆದರು. ಪಕ್ಕದಲ್ಲಿದ್ದ ಜಯೇಶ್ ಕಿಟಕಿಯ ಕಡೆ ಮುಖ ತಿರುಗಿಸಿದ.

ಆಗಸ್ಟ್ ಅಲ್ಲಿ ಚಳಿಗಾಲ, ಹೊರಗೆ ಚಳಿಗಾಳಿ ಬೀಸುತ್ತಿತ್ತು. ಪಾರ್ಕಿಂಗಿನ ಆಚೆ ಮೆಲ್ಬರ್ನ್ ಹುಡುಗರ ಬಸ್ ನಿಂತಿತ್ತು. ಅಮೃತ್ ಅಂಕಲ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಗೆ ಬಂದರು. ತಮ್ಮ ಕಾರಿನ ಕಡೆ ಹೋಗಲಿಲ್ಲ. ಇವರ ಕಾರಿನ ಕಡೆಯೂ ಬರಲಿಲ್ಲ. ನೇರವಾಗಿ ಬಸ್ಸಿನ ಹತ್ತಿರ ಹೋಗಿ ಒಂಬತ್ತನೇ ನಂಬರಿನ ಹುಡುಗನ ಎದುರು ನಿಂತರು.

"ಈಗ ಎಂತ ಹೇಳ್ತಾ ಇದ್ದಾನೆ ಅವನಿಗೆ?" ಪಪ್ಪ ಕತ್ತು ಉದ್ದ ಮಾಡಿದರು. "ದೀಕ್ಷಿತಾ, ಕಿಟಕಿ ಇಳಿಸು ನೋಡುವಾ, ಕೇಳ್ತದಾ ಅಂತ."

ದೀಕ್ಷಿತಾಳ ಬೆರಳು ಆಗಲೇ ಕಿಟಕಿಯ ಬಟನ್ ಮೇಲಿತ್ತು. ಅಲ್ಲಿ ಆ ಉದ್ದನೆಯ ಹುಡುಗನ ಮುಖ ನೋಡಲು ಅಂಕಲ್ ತಲೆಯೆತ್ತಿ ಮಾತಾಡುತ್ತಿದ್ದರು. ಹುಡುಗ ಮೊದಲು ಬೇರೆಲ್ಲೋ ನೋಡುತ್ತಿದ್ದ. ಆಮೇಲೆ ಅವರ ಕಡೆ ತಿರುಗಿದ.

"ಬೇಡ, ಪಪ್ಪಾ," ಎಂದು ಅವಳು ಬಟನ್ ಮೇಲಿಂದ ಬೆರಳು ತೆಗೆದಳು.