ಇಬ್ಬರು ಅಣ್ಣಂದಿರ ಬಾಗಿಲು

"ಏಯ್ ಶುಹಾನ್! ನಿಮ್ಮ ಮನೇಲಿ ತಮ್ಮಂದಿರೇ ಇಲ್ವೇನೋ? ಎಲ್ಲಾ ಅಣ್ಣಂದಿರೇನಾ?"

ಬೀದಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ತೋಫು ಮಾರುವವನು ನೋಡಿದ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ನೋಡಿದರು. ಕೂಗಿದ್ದು ಪೆಂಗ್‌ಲಿ. ಶುಹಾನನ ಕ್ಲಾಸಿನವನೇ, ಹೊಸ ಜಾಕೆಟ್ ಹಾಕಿಕೊಂಡು ಸೈಕಲ್ಲಿನ ಮೇಲೆ ಒಂದು ಕಾಲೂರಿ ನಿಂತಿದ್ದ.

"ಒಬ್ಬ ಓಡ್ತಿದಾನೆ, ಇನ್ನೊಬ್ಬ ಅವನ ಅಂಡು ನೋಡ್ಕೊಂಡು ನಿಂತಿದಾನೆ! ಇವೇನು ದೇವರೋ, ನಿಮ್ಮಪ್ಪ ದೊಡ್ಡಪ್ಪನೋ?"

ಹೆಂಗಸರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ನಗು ಮಾತ್ರ ಬೆರಳುಗಳ ಸಂದಿಯಿಂದ ಹೊರಗೆ ಬಂತು.

ಶುಹಾನ್ ಬಾಗಿಲ ಕಡೆ ನೋಡಿದ.

ಆ ಹೆಬ್ಬಾಗಿಲಿಗೆ ಎರಡು ಕದ. ಒಂದು ದೊಡ್ಡಪ್ಪನದು, ಇನ್ನೊಂದು ಅಪ್ಪನದು. ಹೊಸ ವರ್ಷಕ್ಕೆ ಒಂದೊಂದು ಕದಕ್ಕೂ ಒಬ್ಬೊಬ್ಬ ಬಾಗಿಲ ದೇವರನ್ನು ಅಂಟಿಸಬೇಕು. ದೊಡ್ಡಪ್ಪನ ಕದಕ್ಕೆ ಅಣ್ಣ ಷೆನ್ ತು. ಅಪ್ಪನ ಕದಕ್ಕೆ ತಮ್ಮ ಯೂ ಲೇ. ಅಣ್ಣ ತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡುತ್ತಾ, ಒಂದೇ ಹಗ್ಗದ ಎರಡು ತುದಿ ಹಿಡಿದು ನಿಲ್ಲಬೇಕು.

ಈಗ ಎರಡು ಕದಗಳ ಮೇಲೂ ಷೆನ್ ತು ನಿಂತಿದ್ದ! ದೊಡ್ಡಪ್ಪನ ಷೆನ್ ತು ಸರಿಯಾಗಿ ನಡುವಿಗೆ ಮುಖ ಮಾಡಿದ್ದ. ಅಪ್ಪನ ಕದದ ಷೆನ್ ತು ಅವನಿಗೆ ಬೆನ್ನು ಹಾಕಿ ಗೋಡೆ ನೋಡುತ್ತಿದ್ದ.

ಅಂಟಿಸಿದ್ದು ಶುಹಾನನೇ. ನಿನ್ನೆ ಕತ್ತಲಾಗುವ ಹೊತ್ತಿಗೆ ಅಪ್ಪ ಜೋಡಿ ಚಿತ್ರವನ್ನು ಕೈಗಿಟ್ಟು, "ಬಲಗಡೆಯವನನ್ನ ನಮ್ಮ ಕದಕ್ಕೆ ಅಂಟಿಸು" ಅಂದಿದ್ದ. ಅಪ್ಪ ಹೇಳಿದ್ದು ಮನೆಯೊಳಗೆ ನಿಂತು ಬೀದಿ ನೋಡುವಾಗಿನ ಬಲ. ಬಾಗಿಲಿನ ಲೆಕ್ಕ ಯಾವಾಗಲೂ ಹಾಗೆಯೇ. ಶುಹಾನ್ ಬೀದಿಯಲ್ಲಿ ನಿಂತು, ಮಂಜಿನಲ್ಲಿ ಮೂಗು ಒರೆಸಿಕೊಳ್ಳುತ್ತಾ, ತನ್ನ ಬಲಗೈ ನೋಡಿಕೊಂಡಿದ್ದ.

ದೊಡ್ಡಪ್ಪನ ಕದ ಕಿರ್ರೆಂದಿತು. ದೊಡ್ಡಪ್ಪ ಹೊರಗೆ ಬಂದ. ಪೆಂಗ್‌ಲಿ ಸೈಕಲ್ ತುಳಿದು ಮಾಯವಾದ.

ದೊಡ್ಡಪ್ಪ ಬಾಗಿಲನ್ನು ತುಂಬಾ ಹೊತ್ತು ನೋಡಿದ. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

"ಓಹೋ," ಅಂದ. "ಈಗ ತಮ್ಮನೇ ಅಣ್ಣ. ನನಗೆ ಬೆನ್ನು ಬೇರೆ. ಊರಿಗೆಲ್ಲ ಕಾಣೋ ಹಾಗೆ ಅಂಟಿಸಿದಾನೆ. ಲಾನ್‌ಶಿ! ನಿಮ್ಮಮ್ಮನಿಗೆ ಹೇಳು, ಇವತ್ತು ನಾವು ನಮ್ಮಲ್ಲೇ ಉಣ್ಣೋದು."

ಲಾನ್‌ಶಿ ದೊಡ್ಡಪ್ಪನ ಮಗಳು. ಶುಹಾನನಿಗಿಂತ ಒಂದು ವರ್ಷ ದೊಡ್ಡವಳು. ಕದದ ಹಿಂದಿನಿಂದ ಅವಳ ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣು ಕೆಂಪಾಗಿತ್ತು.

ವರ್ಷದ ಕೊನೆಯ ದಿನದ ಊಟ ಅದು. ಎರಡು ವರ್ಷದ ಮೇಲೆ ಈ ಸಲ ಎಲ್ಲರೂ ಒಟ್ಟಿಗೆ ಕೂರುವುದಿತ್ತು. ತಾತ ಒಂದು ತಿಂಗಳು ಆ ಮನೆಗೂ ಈ ಮನೆಗೂ ಓಡಾಡಿ ಇಬ್ಬರನ್ನೂ ಒಪ್ಪಿಸಿದ್ದ.

ಬಾಗಿಲ ದೇವರನ್ನು ಬರೆಯುವುದು ಈ ಮನೆತನದ ಕಸುಬು. ಎರಡು ವರ್ಷದ ಹಿಂದೆ ಆಗಿದ್ದೂ ಇಷ್ಟೇ. ತಾತನ ಹುಟ್ಟುಹಬ್ಬದ ದಿನ, ನೆಂಟರೆಲ್ಲರ ಎದುರು, ದೊಡ್ಡಪ್ಪ, "ನನ್ನ ತಮ್ಮ ಬರೆಯೋ ದೇವರ ಮೀಸೆ ಪೊರಕೆ ಇದ್ದ ಹಾಗಿರುತ್ತೆ" ಅಂದ. ಅಪ್ಪ, "ಪೊರಕೆ ಹಿಡಿಯೋಕೂ ಯೋಗ್ಯತೆ ಬೇಕು" ಅಂದ. ದೊಡ್ಡಪ್ಪ ಅದಕ್ಕೊಂದು ಅಂದ. ಅಪ್ಪ ಅದಕ್ಕೆ ಎರಡು ಅಂದ. ಸೂಪು ಆರುವಷ್ಟರಲ್ಲಿ ಒಂದು ಮನೆ ಎರಡಾಗಿತ್ತು. ಅವತ್ತಿನಿಂದ ಇವರು ಬರುವಾಗ ಈ ಕದ, ಅವರು ಬರುವಾಗ ಆ ಕದ. ಎರಡೂ ಒಟ್ಟಿಗೆ ತೆರೆದದ್ದೇ ಇಲ್ಲ. ಹೊಗೆಗೆ ತೂಗುಹಾಕಿದ ಮಾಂಸದ ಹಾಗೆ ಈ ದೊಡ್ಡವರು ಸಿಟ್ಟನ್ನೂ ವರ್ಷಗಟ್ಟಲೆ ಕೆಡದಂತೆ ಇಡುತ್ತಾರೆ.

ಶುಹಾನ್ ಒಳಗೆ ಓಡಿದ. ಅಪ್ಪ ಸಾಸೇಜು ಹೆಚ್ಚುತ್ತಿದ್ದ.

"ಅಪ್ಪಾ, ದೊಡ್ಡಪ್ಪ ಊಟಕ್ಕೆ ಬರಲ್ವಂತೆ. ನಾನು ತಪ್ಪು ಅಂಟಿಸಿದೆ. ಹೋಗಿ ಹೇಳಪ್ಪ, ಮಗ ತಪ್ಪು ಮಾಡಿದಾನೆ ಅಂತ."

ಅಪ್ಪನ ಚಾಕು ನಿಂತಿತು. ಹೊರಗೆ ಹೋಗಿ ಬಾಗಿಲು ನೋಡಿಕೊಂಡು ಬಂದ. ಒಂದು ಗಳಿಗೆ ಅವನ ಮುಖದಲ್ಲಿ ನಗು ಬರುವ ಹಾಗಿತ್ತು. ಆಮೇಲೆ ಅದು ಮುಚ್ಚಿಕೊಂಡಿತು.

"ಅವನು ಏನಂದ?"

"ಬೇಕಂತಲೇ ಅಂಟಿಸಿದಾನೆ ಅಂತ..."

"ಹಾಗೇ ಅಂದ್ಕೊಳ್ಳಲಿ ಬಿಡು. ನಾನ್ಯಾಕೆ ಹೋಗಿ ಹೇಳ್ಲಿ?"

ಚಾಕು ಮತ್ತೆ ಹಲಗೆಯ ಮೇಲೆ ಟಕಟಕ ಅನ್ನತೊಡಗಿತು.

ಶುಹಾನನಿಗೆ ಮೈಯೆಲ್ಲ ಉರಿಯಿತು. ಆ ಸಾಸೇಜನ್ನೆಲ್ಲ ಎತ್ತಿ ಅಂಗಳಕ್ಕೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ತಾತನ ಬಣ್ಣದ ಶೆಡ್ಡಿಗೆ ಓಡಿದ.

ಮಿಯಾನ್‌ಝು ಊರಿನ ಮೇಲೆ ಮಂಜು ಬೆಳಗಿನಿಂದ ಕರಗಿರಲಿಲ್ಲ. ಕಾಲುವೆ ಪಕ್ಕದ ಮರಗಳು ಅರ್ಧ ಬರೆದು ಬಿಟ್ಟ ಚಿತ್ರಗಳ ಹಾಗಿದ್ದವು. ದೂರದಲ್ಲಿ ಎಲ್ಲೋ ಪಟಾಕಿ ಸಿಡಿದರೆ, ಶಬ್ದ ಹತ್ತಿ ಸುತ್ತಿಕೊಂಡು ಬಂದ ಹಾಗೆ ಮೆತ್ತಗೆ ಕೇಳುತ್ತಿತ್ತು.

ಶೆಡ್ಡಿನೊಳಗೆ ಬೆಚ್ಚಗಿತ್ತು. ಅಂಟಿನ ವಾಸನೆ, ಇದ್ದಿಲಿನ ವಾಸನೆ. ಆರ್ಡರುಗಳೆಲ್ಲ ಬೆಳಿಗ್ಗೆಯೇ ಮುಗಿದಿದ್ದವು. ಬೋಗುಣಿಗಳ ತಳದಲ್ಲಿ ಉಳಿದ ಬಣ್ಣ ಕೊನೆಯ ದಿನ ಕೆಲಸಗಾರರದ್ದು. ಅದರಲ್ಲಿ ಅವರು ತಮಗೆ ಬೇಕಾದ ಹಾಗೆ, ನಾಲ್ಕೇ ಗೀಟಿನಲ್ಲಿ ದೇವರನ್ನು ಬರೆಯಬಹುದು. ತಾತ ವರ್ಷಪೂರ್ತಿ ಕಾಯುವುದು ಈ ಮಧ್ಯಾಹ್ನಕ್ಕೇ. ಅವನ ಕುಂಚ ಕಾಗದದ ಮೇಲೆ ಸುಂಟರಗಾಳಿಯ ಹಾಗೆ ತಿರುಗುತ್ತಿತ್ತು. ಒಂದು ತೋಳು, ಒಂದು ಗಡ್ಡ, ಹಾರುವ ಒಂದು ಸೊಂಟಪಟ್ಟಿ.

"ಬಂದ್ಯಾ? ಆ ನೀಲಿ ಕೊಡು. ಮುಖ ಯಾಕೋ ಹುಳಿ ತಿಂದ ಹಾಗಿದೆ?"

ಶುಹಾನ್ ಎಲ್ಲ ಹೇಳಿದ. ಬಲಗೈ, ಪೆಂಗ್‌ಲಿ, ದೊಡ್ಡಪ್ಪ, ಸಾಸೇಜು ಎಲ್ಲ.

ತಾತ ಮೊದಲು ನಕ್ಕ. "ಇಬ್ಬರೂ ಅಣ್ಣಂದಿರು!" ಅಂದ. ಆಮೇಲೆ ಕುಂಚವನ್ನು ಬೋಗುಣಿಯ ಅಂಚಿಗೆ ಒರಗಿಸಿದ. ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಒಂದು ತಿಂಗಳು ಓಡಾಡಿದೆ ಕಣೋ," ಅಂದ ಮೆಲ್ಲಗೆ.

"ಯೂ ಲೇ ಚಿತ್ರ ಮನೇಲೇ ಇದೆ ತಾತ. ಷೆನ್ ತುವಿನ ಮೇಲೇ ಅಂಟಿಸಿಬಿಡ್ಲಾ?"

"ಎಚ್ಚರವಾಗಿ ನಿಂತಿರೋನ ಮುಖಕ್ಕೆ ಕಾಗದ ಮುಚ್ತೀಯಾ? ಕಣ್ಣು ಬರೆದು ಬಾಗಿಲಿಗೆ ನಿಲ್ಲಿಸಿದ ಮೇಲೆ ವರ್ಷಪೂರ್ತಿ ಅವನದೇ ಕಾವಲು. ಹರಿಯೋ ಹಾಗಿಲ್ಲ, ಮುಚ್ಚೋ ಹಾಗಿಲ್ಲ."

ತಾತ ಒಂದು ಸಣ್ಣ ಕುಂಚವನ್ನು ಶುಹಾನನ ಕೈಗಿಟ್ಟ. "ತಗೋ, ಇವನಿಗೆ ಕಣ್ಣು ಬರಿ. ಕೈ ಕೆಲಸ ಮಾಡ್ತಿದ್ರೆ ತಲೆ ತಾನೇ ದಾರಿ ಹುಡುಕುತ್ತೆ."

ಕಣ್ಣಿಲ್ಲದ ಯೂ ಲೇ ಎದುರಿಗೆ ಮಲಗಿದ್ದ. ಶುಹಾನ್ ಉಸಿರು ಬಿಗಿಹಿಡಿದು ಒಂದು ಕಪ್ಪು ಚುಕ್ಕೆ ಇಟ್ಟ. ಇನ್ನೊಂದು ಚುಕ್ಕೆ ಇಟ್ಟ. ಮಲಗಿದ್ದವನು ಥಟ್ಟನೆ ಎಚ್ಚೆತ್ತು ಅವನನ್ನೇ ನೋಡಿದ.

"ಇವರು ಎಲ್ಲಿರ್ತಾರೆ ತಾತ? ವರ್ಷ ಮುಗಿದ ಮೇಲೆ?"

"ಸಮುದ್ರದ ಆಚೆ ಒಂದು ಪೀಚ್ ಮರ. ಅದರ ಕೊಂಬೆ ಒಂದೊಂದೂ ನಮ್ಮೂರಿಂದ ಚೆಂಗ್ಡು ಪಟ್ಟಣದವರೆಗೆ ಬರುತ್ತೆ. ಆ ಮರದ ಕೆಳಗೆ ಅಣ್ಣ ತಮ್ಮ ಇಬ್ಬರೂ ಕಾವಲು. ಕೆಟ್ಟ ಭೂತ ಬಂತೋ, ಜೊಂಡಿನ ಹಗ್ಗ ಎಸೀತಾರೆ. ಇವನು ಈ ತುದಿ, ಅವನು ಆ ತುದಿ."

"ಜಗಳ ಆಡಲ್ವಾ?"

"ಆಡದೇ ಏನು! ಅಣ್ಣ ತಮ್ಮಂದಿರಲ್ವಾ? ಆದ್ರೆ ಕೈಯಲ್ಲಿ ಹಗ್ಗ ಇರುತ್ತಲ್ಲ."

ಬರೆದ ಚಿತ್ರಗಳನ್ನು ಒಣಗಲು ಎರಡು ಸಾಲು ದಾರಕ್ಕೆ ತೂಗುಹಾಕಿದ್ದರು. ಶುಹಾನ್ ತನ್ನ ಯೂ ಲೇಯನ್ನು ಎರಡು ಕೈಯಲ್ಲಿ ಹಿಡಿದು ಆ ಸಾಲುಗಳ ನಡುವೆ ನಡೆದ. ಇದ್ದಿಲಿನ ಬಿಸಿಗೆ ಕಾಗದಗಳು ಮೆಲ್ಲಗೆ ಉಸಿರಾಡುತ್ತಿದ್ದವು. ಬಾಗಿಲಿನಿಂದ ಮಂಜು ಒಳಗೆ ಬಂದು ಕಾಲಿಗೆ ಸುತ್ತಿಕೊಂಡಿತು. ಅವನಿಗೆ ನಿದ್ದೆ ಬಂದ ಹಾಗೂ ಆಯಿತು, ಬಾರದ ಹಾಗೂ ಆಯಿತು. ತಲೆಯ ಮೇಲಿನ ಬಿದಿರ ತೊಲೆ ದೊಡ್ಡ ಕೊಂಬೆಯಾಯಿತು. ಅದರಿಂದ ಗುಲಾಬಿ ಬಣ್ಣದ ಎಸಳೊಂದು ಬಿತ್ತು. ಅದು ಎಸಳೋ, ಕುಂಚದಿಂದ ಸಿಡಿದ ಹನಿಯೋ.

"ಪಕ್ಕಕ್ಕೆ ಸರಿಯಪ್ಪ," ಅಂತ ಯಾರೋ ಅಂದ ಹಾಗಾಯಿತು. "ನಾವು ಒಬ್ಬರನ್ನೊಬ್ಬರು ನೋಡಬೇಕು."

ಶುಹಾನ್ ಆ ಕಡೆ ನೋಡಿದ. ಈ ಕಡೆ ನೋಡಿದ.

ಕೆಲವರ ಮುಖ ಎಡಕ್ಕೆ ತಿರುಗಿತ್ತು, ಕೆಲವರದು ಬಲಕ್ಕೆ. ಯಾರೂ ಅವರನ್ನು ಜೋಡಿ ನೋಡಿ ತೂಗುಹಾಕಿರಲಿಲ್ಲ. ಆದರೂ ಎರಡು ಸಾಲು ಎದುರುಬದುರು ಇದ್ದುದರಿಂದ ಎಲ್ಲರೂ ಎಲ್ಲರ ಎದುರಿಗೇ ನಿಂತಿದ್ದರು. ನಡುವೆ ದಾರಿ. ದಾರಿಯಲ್ಲಿ ಅವನು.

ಅವನು ಚಿತ್ರವನ್ನು ದಾರಕ್ಕೆ ಸಿಕ್ಕಿಸಿ ಓಡಿಬಂದ.

"ತಾತಾ! ಆ ಮೇಜು ಮನೆಗೆ ತಗೊಂಡು ಹೋಗೋಣ."

ತಾತನ ಬಣ್ಣದ ಬೋಗುಣಿಗಳೆಲ್ಲ ಒಂದು ಚೌಕ ಮೇಜಿನ ಮೇಲಿದ್ದವು. ಎಂಟು ಜನ ಕೂರುವ ಹಳೇ ಮೇಜು. ಏಳು ಜನ ಮನೆಯವರು, ಎಂಟನೇ ಬಟ್ಟಲು ತೀರಿಹೋದ ಅಜ್ಜಿಗೆ. ಜಗಳವಾದ ಮಾರನೇ ದಿನ ತಾತ ಅದನ್ನು ಇಲ್ಲಿಗೆ ತಂದು ಹಾಕಿಕೊಂಡಿದ್ದ.

"ಇದಾ? ಇದು ಒಂದು ಕದದಲ್ಲಿ ತೂರಲ್ಲ ಕಣೋ. ಎರಡೂ ತೆಗೀಬೇಕು."

"ಹೂಂ," ಅಂದ ಶುಹಾನ್. "ಅದಕ್ಕೇ."

ತಾತ ಮೊಮ್ಮಗನನ್ನು ಒಂದು ಗಳಿಗೆ ನೋಡಿದ. ಆಮೇಲೆ ಬೋಗುಣಿಗಳನ್ನು ಒಂದೊಂದಾಗಿ ಕೆಳಗಿಳಿಸತೊಡಗಿದ.

ಶೆಡ್ಡಿನ ಕೆಲಸಗಾರರು ಮೇಜು, ಬೆಂಚುಗಳನ್ನು ಹೇರಿಕೊಟ್ಟ ಮೂರು ಚಕ್ರದ ಗಾಡಿ ಹೆಬ್ಬಾಗಿಲ ಮುಂದೆ ನಿಂತಾಗ ಬೀದಿಯ ತುಂಬ ಕರಿದ ಮೀನಿನ ಘಮ. ತಾತ ಗಂಟಲು ಸರಿಮಾಡಿಕೊಂಡು ಕೂಗಿದ. "ದೊಡ್ಡವನೇ! ಚಿಕ್ಕವನೇ! ಮೇಜು ಬಂದಿದೆ. ನನ್ನ ಸೊಂಟ ಹಿಡಿದಿದೆ."

ಅಪ್ಪನ ಕದ ತೆರೆಯಿತು. ಅಪ್ಪ ಮೇಜಿನ ಒಂದು ಬದಿ ಹಿಡಿದ. ಇನ್ನೊಂದು ಬದಿಗೆ ತಾತ ಕೈ ಹಾಕಿದ. ತಾತನ ಕಡೆ ಅರ್ಧ ಮಾತ್ರ ಮೇಲೆದ್ದಿತು. ದೊಡ್ಡಪ್ಪನ ಕದ ಮುಚ್ಚಿಯೇ ಇತ್ತು. ಮೇಜು ಬಾಗಿಲಿಗೆ ತಗುಲಿ ಧಡ್ ಅಂದಿತು.

ಶುಹಾನ್ ಆ ಕದದ ಹತ್ತಿರ ಬಾಯಿಟ್ಟ. "ಲಾನ್‌ಶಿ ಅಕ್ಕಾ."

ಎರಡು ವರ್ಷದಿಂದ ಆ ಮಾತನ್ನು ಅವನು ಗಟ್ಟಿಯಾಗಿ ಅಂದಿರಲಿಲ್ಲ.

ಒಳಗೆ ಅಗಳಿ ಸರಿದ ಸದ್ದು. ಕದ ಒಳಕ್ಕೆ ಸರಿಯಿತು. ಲಾನ್‌ಶಿ ನಿಂತಿದ್ದಳು. ಅವಳ ಹಿಂದೆ ದೊಡ್ಡಪ್ಪ, ಮುಖ ಗಂಟು ಹಾಕಿಕೊಂಡು.

ದೊಡ್ಡಪ್ಪ ತಾತನ ಬಾಗಿದ ಸೊಂಟ ನೋಡಿದ. ಮುಂದೆ ಬಂದು ಅವನನ್ನು ಪಕ್ಕಕ್ಕೆ ಸರಿಸಿ ಮೇಜು ಹಿಡಿದ.

ಮೇಜು ಹೊಸ್ತಿಲ ಹತ್ತಿರ ಸಿಕ್ಕಿಕೊಂಡಿತು.

"ಎಡಕ್ಕೆ ತಿರುಗಿಸು," ಅಂದ ಅಪ್ಪ, ಮೇಜಿನ ಕಾಲನ್ನೇ ನೋಡುತ್ತಾ.

"ಯಾರ ಎಡಕ್ಕೆ?" ಅಂದ ದೊಡ್ಡಪ್ಪ. "ನಿನ್ನ ಎಡಕ್ಕೋ, ನನ್ನ ಎಡಕ್ಕೋ?"

ಇಬ್ಬರೂ ಮೇಜನ್ನು ಹೊಸ್ತಿಲ ಮೇಲೆ ಇಳಿಸಿದರು.

"ನಂಗೂ ಹಾಗೇ ಆಯ್ತು ದೊಡ್ಡಪ್ಪ," ಅಂದ ಶುಹಾನ್. ಧ್ವನಿ ಸಣ್ಣಗೆ ಬಂತು. "ಅಪ್ಪ ಬಲಗಡೆಯವನು ಅಂದ್ರು. ನಾನು ಬೀದೀಲಿ ನಿಂತು ನೋಡ್ಬಿಟ್ಟೆ."

ದೊಡ್ಡಪ್ಪ ತಲೆಯೆತ್ತಿ ಹುಡುಗನನ್ನು ನೋಡಿದ. ಅಪ್ಪನನ್ನು ನೋಡಿದ. ಅಪ್ಪನ ಕಿವಿ ಕೆಂಪಗಾಗಿತ್ತು.

"ಬೀದೀಲಿ ನಿಂತು ನೋಡಿದ್ನಂತೆ," ಅಂದ ದೊಡ್ಡಪ್ಪ, ಯಾರಿಗೆ ಅಂತಲ್ಲದೆ. ಅವನ ಮೂಗಿನಿಂದ ಪುಸ್ಸೆಂದು ಗಾಳಿ ಹೊರಟಿತು. ಅದು ನಗುವೇ ಅಂತ ಹೇಳಲಾಗದು. "ಎತ್ತು ಎತ್ತು. ಕಾಲ ಮೇಲೆ ಬಿಟ್ಟೀಯ ಮತ್ತೆ."

ಮೇಜು ಒಳಗೆ ಹೋಯಿತು.

ಎರಡು ಕದಗಳೂ ಒಳಕ್ಕೆ ತೆರೆದುಕೊಂಡು ನಿಂತಿದ್ದವು. ಇಬ್ಬರು ಷೆನ್ ತುಗಳು ದಾರಿಯ ಆಚೆ ಈಚೆ ಎದುರುಬದುರಾಗಿದ್ದರು. ಒಬ್ಬನ ಕಣ್ಣು ತುಸು ಬೀದಿಯ ಕಡೆ, ಇನ್ನೊಬ್ಬನದು ತುಸು ಅಂಗಳದ ಕಡೆ. ಕಾವಲನ್ನು ಹಂಚಿಕೊಂಡವರ ಹಾಗೆ. ಅವರ ನಡುವೆ ಮಂಜು ಮೆಲ್ಲಗೆ ಒಳಗೆ ಹೋಗುತ್ತಿತ್ತು, ಕರೆಸಿಕೊಂಡ ನೆಂಟನಂತೆ.

ಗಾಡಿಯಲ್ಲಿ ಉದ್ದನೆಯ ಬೆಂಚುಗಳು ಉಳಿದಿದ್ದವು. ಶುಹಾನ್ ಒಂದು ಬೆಂಚಿನ ತುದಿ ಎತ್ತಿದ. ಇನ್ನೊಂದು ತುದಿಯನ್ನು ಲಾನ್‌ಶಿ ಹಿಡಿದಳು.

ಆಗ ಸೈಕಲ್ ಗಂಟೆ ಕೇಳಿಸಿತು.

"ಏಯ್, ಅಣ್ಣಂದಿರ ಮನೆಯವನೇ!" ಪೆಂಗ್‌ಲಿ. ಈ ಸಲ ಜೊತೆಗೆ ಇನ್ನಿಬ್ಬರು ಹುಡುಗರು. "ತಮ್ಮ ಸಿಕ್ಕಿದ್ನೇನೋ? ಇಲ್ಲ ಅಂಗಡಿಯಿಂದ ತರ್ಲಾ?"

ಹುಡುಗರು ಹೋ ಅಂದರು.

ಶುಹಾನನ ನಾಲಿಗೆಯ ತುದಿಗೆ ಉತ್ತರ ಬಂತು. ಪೆಂಗ್‌ಲಿಯ ಜಾಕೆಟ್ಟಿನ ಬಗ್ಗೆ ಒಂದು, ಅವನ ಹಲ್ಲಿನ ಬಗ್ಗೆ ಒಂದು, ಅವನಪ್ಪನ ಬಗ್ಗೆ ಇನ್ನೂ ಚೆನ್ನಾಗಿರೋದು ಒಂದು. ಮೂರೂ ಸಾಲಾಗಿ ನಿಂತಿದ್ದವು.

ಅಷ್ಟರಲ್ಲಿ ಕೈಯಲ್ಲಿದ್ದ ಬೆಂಚು ಮೆಲ್ಲಗೆ ಮುಂದಕ್ಕೆ ಜಗ್ಗಿತು. ಲಾನ್‌ಶಿ ಆಗಲೇ ಹೊಸ್ತಿಲು ದಾಟಿದ್ದಳು.

ಅವನು ತನ್ನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಇಬ್ಬರು ಅಣ್ಣಂದಿರ ನಡುವೆ ಹಾದು, ಅವಳ ಹಿಂದೆ ಒಳಗೆ ನಡೆದ.