ಬಾಲ ಬರುವವರೆಗೆ

ಒಂದು ದಿನದ ಬೈಕ್ ಸವಾರಿಗೆ ಪೆಟ್ರೋಲಿನ ಖರ್ಚು ಮಾತ್ರ ಎಂದುಕೊಂಡವರು ಮೋಸ ಹೋಗುತ್ತಾರೆ. ಮೆಕ್ಯಾನಿಕ್ ಆಗಿದ್ದ ಅವಳಿಗೆ ಆ ಭಾನುವಾರ ಗ್ಯಾರೇಜಿನ ಒಂದು ದಿನದ ದುಡಿಮೆ ಖೋತಾ. ಮನೆಯಲ್ಲಿ ಅಪ್ಪನ ಊದಿದ ಮುಖ ಬೇರೆ. ಎಲ್ಲಕ್ಕಿಂತ ದುಬಾರಿ ಎಂದರೆ, ಸಂಜೆಯವರೆಗೂ ಸವಾರಿಯ ಗುಂಪಿನಲ್ಲಿದ್ದ ಆ ಬೇಕರಿಯವನ ಎದುರು ಏನೂ ಅನಿಸದವಳಂತೆ ಇರಬೇಕಿತ್ತು!

"ನಿಮ್ಮ ಚೈನ್ ಜೋತಾಡ್ತಿದೆಯಲ್ರೀ! ಯಾರು ಬಿಗಿ ಮಾಡಿದ್ದು?" ಅವನ ಬೈಕು ತೋರಿಸಿ ಜೋರಾಗಿ ಕೇಳಿದಳು.

"ನೀವೇ... ಹೋದ ವಾರ."

ಹೊರಡಲು ಸಿದ್ಧರಾಗಿ ನಿಂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅವಳ ಕಿವಿ ಬಿಸಿಯಾಯಿತು.

"ನಾನು ಬಿಗಿ ಮಾಡಿದ್ದು ಒಂದೇ ವಾರಕ್ಕೆ ಸಡಿಲ ಆಗಲ್ಲ!"

ಅಲ್ಲೇ ಕುಕ್ಕರಗಾಲಲ್ಲಿ ಕೂತು ಸ್ಪ್ಯಾನರ್ ಹಿಡಿದಳು. ಅವನು ಪಕ್ಕಕ್ಕೆ ಬಗ್ಗಿ, ಯಾರಿಗೂ ಕೇಳದಂತೆ ಹೇಳಿದ. "ಸಂಜೆ ನಿಮ್ಮನ್ನ ಒಂದು ಮಾತು ಕೇಳ್ಬೇಕು."

ಸ್ಪ್ಯಾನರ್ ಜಾರಿತು. ಹೆಬ್ಬೆರಳು ತರಚಿತು.

ಅವನು ಆ ಕೈಯನ್ನೇ ನೋಡಿದ. ಗ್ರೀಸು ಮೆತ್ತಿದ ಬೆರಳು, ಕಪ್ಪಾದ ಉಗುರು. ಅವನ ಮುಖ ಸಣ್ಣದಾಯಿತು. ಹೆಲ್ಮೆಟ್ ಎತ್ತಿಕೊಂಡು ಗುಂಪಿನತ್ತ ಸರಿದುಹೋದ.

ಅವಳು ಕೈಯನ್ನು ಜೇಬಿಗೆ ತುರುಕಿದಳು. ಹಿಂದೊಬ್ಬ ಇದೇ ಕೈ ನೋಡಿ, "ಈ ಬೆರಳಿಗೆ ಉಂಗುರ ಹಾಕೋದು ಹೇಗಪ್ಪಾ?" ಎಂದು ನಕ್ಕಿದ್ದ. ಆಮೇಲೆ ಆ ಸಂಬಂಧವೇ ಮುರಿದುಬಿತ್ತು.

ಇವನೂ ಅಷ್ಟೇನಾ...?

ಗುಂಪಿನ ಮುಂದಾಳು ಡ್ರಿಲ್ ಮೇಷ್ಟ್ರು ಸೀಟಿ ಊದಿದರು. "ಎಲ್ಲಾ ಕೇಳಿ! ಹಳೇ ಹೆದ್ದಾರಿಗೆ ಬೋರ್ಡು ಗೀರ್ಡು ಏನೂ ಇಲ್ಲ. ದಾರಿ ಕವಲೊಡೆದ ಕಡೆ ನನ್ನ ಹಿಂದಿರೋರು ನಿಂತು ಮಿಕ್ಕೋರಿಗೆ ದಾರಿ ತೋರಿಸ್ಬೇಕು. ಕೊನೇಲಿ ಬರೋದು ನಮ್ಮ ಮೆಕ್ಯಾನಿಕ್ಕು. ಅವಳೇ ಬಾಲ. ಬಾಲ ಬರೋವರೆಗೆ ಆಕಾಶ ಕಳಚಿ ಬಿದ್ರೂ ಅಲ್ಲಾಡಬಾರ್ದು!"

"ಬಾಲ ಬರದೇ ಹೋದ್ರೆ?" ಬೇಕರಿಯವನು ಕೇಳಿದ.

"ಬರ್ತಾಳೆ ಕಣಯ್ಯಾ. ಇದುವರೆಗೂ ಯಾರನ್ನೂ ಬಿಟ್ಟು ಬಂದೋಳಲ್ಲ."

ಹಳೆಯ ಹೆದ್ದಾರಿ ಚೆನ್ನಾಗಿತ್ತು. ರಾಜರ ಕಾಲದ ಕಲ್ಲುಚಪ್ಪಡಿಗಳ ಮೇಲೆ ಗಾಡಿಚಕ್ರಗಳು ಕೊರೆದ ಗೀರುಗಳು ಇನ್ನೂ ಹಾಗೇ ಇದ್ದವು. ಅಲ್ಲಲ್ಲಿ ಕುದುರೆಗಳಿಗೆ ನೀರಿಡುತ್ತಿದ್ದ ಕಲ್ಲಿನ ತೊಟ್ಟಿ. ಎರಡೂ ಕಡೆ ಮುದಿ ಮರಗಳು ತಲೆಗೆ ತಲೆ ತಾಗಿಸಿ ನಿಂತಿದ್ದವು. ಮುಂದಿನವರ ಧೂಳು ತಿನ್ನುತ್ತಾ ಅವಳು ನಿಧಾನ ಸಾಗಿದಳು. ಬಾಲವಾಗಿರುವುದೇ ಅವಳಿಗಿಷ್ಟ. ಹಿಂದೆ ಯಾರೂ ಇಲ್ಲದಿದ್ದರೆ, ಬಿಟ್ಟು ಹೋಗುವವರೂ ಇರುವುದಿಲ್ಲವಲ್ಲ!

ನಡುದಾರಿಯಲ್ಲಿ, ಗುಂಪಿನಲ್ಲಿದ್ದ ನರ್ಸಕ್ಕನ ಬೈಕು ಪಂಕ್ಚರ್ ಆಯಿತು. ಇಬ್ಬರೂ ಸೇರಿ ಸರಿಮಾಡುವಷ್ಟರಲ್ಲಿ ಗುಂಪು ಬಹಳ ಮುಂದೆ ಹೋಗಿತ್ತು.

"ಹೊಸ ರಸ್ತೇಲಿ ಹೋಗಿಬಿಡೋಣ ಕಣೇ, ಬೇಗ ಸಿಕ್ತಾರೆ. ಹೊಟ್ಟೆ ಚುರುಗುಟ್ತಿದೆ!" ಅಂದಳು ನರ್ಸಕ್ಕ.

ಹಾಗೇ ಹೋದರು. ಊಟದ ಜಾಗ ತಲುಪಿದಾಗ ಎಲ್ಲರೂ ಕೈತೊಳೆಯುತ್ತಿದ್ದರು. ಬೇಕರಿಯವನು ಕಾಣಲಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್!

"ದಾರೀಲಿ ಕಂಡಿದ್ದ. ಅಲ್ಲಿಂದ್ಲೇ ವಾಪಸ್ ಹೋಗಿರ್ತಾನೆ ಬಿಡು," ಯಾರೋ ನಕ್ಕರು. "ಬೆಳಿಗ್ಗೇನೇ ಅಷ್ಟು ಬೈಸ್ಕೊಂಡ್ನಲ್ಲ!"

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಸಂಜೆ ಮಾತು ಕೇಳ್ತೀನಿ ಅಂದವನು ಮಧ್ಯಾಹ್ನಕ್ಕೇ ಹೋದನೇ? ಕೈ ನೋಡಿದ ಮೇಲೆ ಕೇಳುವ ಮಾತೂ ಮುಗಿಯಿತೇನೋ... ಅವಳು ನಲ್ಲಿಯ ಕೆಳಗೆ ಉಗುರುಗಳನ್ನು ಉಜ್ಜಿದಳು, ಉಜ್ಜಿದಳು. ಕಪ್ಪು ಹೋಗಲಿಲ್ಲ.

ಮರದಡಿ ಟೋಪಿಯನ್ನು ಮುಖದ ಮೇಲೆ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದ ಮೇಷ್ಟ್ರು ಬಿಸಿಲು ಇಳಿದ ಮೇಲೆ ಎದ್ದರು. ಸುತ್ತ ನೋಡಿದರು.

"ಬೇಕರಿ ಹುಡುಗ ಎಲ್ಲಮ್ಮಾ? ಕರ್ಕೊಂಡು ಬರಲಿಲ್ವಾ?"

"ಎಲ್ಲಿಂದ?"

"ಹಳೇ ಸುಂಕದ ಕಟ್ಟೆ ತಿರುವಿಂದ! ನಾನೇ ನಿಲ್ಲಿಸಿದ್ನಲ್ಲ!"

ಹೊಸ ರಸ್ತೆಯಲ್ಲಿ ಬಂದದ್ದರಿಂದ ಆ ತಿರುವನ್ನೇ ಅವಳು ದಾಟಿರಲಿಲ್ಲ!

ಅಯ್ಯೋ... ಬಿಟ್ಟು ಬಂದವಳು ನಾನು!

ಹೆಲ್ಮೆಟ್ ಸಿಕ್ಕಿಸಿಕೊಂಡವಳೇ ಬೈಕು ತಿರುಗಿಸಿದಳು. ಇರುತ್ತಾನಾ? ಇಷ್ಟು ಹೊತ್ತು ಯಾರು ತಾನೇ ನಿಲ್ಲುತ್ತಾರೆ?

ತಿರುವಿನಲ್ಲಿ ಮೈಲಿಗಲ್ಲಿನ ಪಕ್ಕ ಅವನು ನಿಂತಿದ್ದ. ಬಿಸಿಲಿಗೆ ಮುಖ ಕೆಂಪು ಇಟ್ಟಿಗೆ. ಬೈಕಿನ ಸೀಟಿನ ಮೇಲೆ ಚಾರ್ಜ್ ಮುಗಿದ ಫೋನ್ ಬಿದ್ದಿತ್ತು. ಅವಳನ್ನು ಕಂಡಕೂಡಲೇ ಕೈ ಚಾಚಿ ಸರಿಯಾದ ದಾರಿ ತೋರಿಸಿದ!

ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು.

"ಹುಚ್ಚಾ ನಿಮಗೆ? ಹೊರಟುಹೋಗೋದಲ್ವಾ?"

"ಬಾಲ ಬಂದಿರ್ಲಿಲ್ಲ."

"ಹೊಸ ರಸ್ತೇಲಿ ಹೋಗ್ಬಿಟ್ಟೆ... ತಪ್ಪು ನಂದೇ. ನಾನು ಬರದೇ ಇದ್ದಿದ್ರೆ?"

"ಕತ್ತಲಾದ ಮೇಲೆ ಹೆಡ್‌ಲೈಟ್ ಹಾಕ್ತಿದ್ದೆ. ತಿರುವು ಕಾಣಬೇಕಲ್ಲ ನಿಮಗೆ."

ಚೀಲದಿಂದ ಒಂದು ಬನ್ನು ತೆಗೆದು ಚಾಚಿದ. "ಹಸಿವಾಗಿ ಮಿಕ್ಕಿದ್ದೆಲ್ಲ ತಿಂದುಬಿಟ್ಟೆ. ಇದೊಂದನ್ನ ಮಾತ್ರ ಮುಟ್ಟಲಿಲ್ಲ."

ಅವಳು ಕೈ ಮುಂದೆ ಮಾಡಿ, ತಟ್ಟನೆ ಹಿಂದೆಳೆದಳು. "ಬೆಳಿಗ್ಗೆ ಈ ಕೈ ನೋಡಿ ಮುಖ ಸಪ್ಪೆ ಮಾಡ್ಕೊಂಡ್ರಿ."

"ನನ್ನಿಂದ ಗಾಯ ಆಯ್ತಲ್ಲಾ ಅಂತ..." ಅವನು ತಲೆತಗ್ಗಿಸಿದ. "ಚೈನ್ ಸಡಿಲ ಮಾಡ್ತಿದ್ದೋನು ನಾನೇ. ಪ್ರತಿ ವಾರ. ಗ್ಯಾರೇಜಿಗೆ ಬರೋಕೆ ಬೇರೆ ನೆಪ ಸಿಗ್ತಿರ್ಲಿಲ್ಲ."

"ಅಯ್ಯೋ ದೇವರೇ! ಚೈನ್ ಕಳಚಿ ಬಿದ್ದು ಕೈಕಾಲು ಮುರ್ಕೊಂಡಿದ್ರೆ?"

"ಅದನ್ನೂ ರಿಪೇರಿಗೆ ತರ್ತಿದ್ದೆ."

ಅವಳು ಬನ್ನನ್ನು ಎರಡು ಮಾಡಿದಳು. ದೊಡ್ಡ ಅರ್ಧ ಅವನಿಗೆ ಕೊಟ್ಟಳು. ಅದರ ಮೇಲೆ ಅವಳ ಹೆಬ್ಬೆರಳಿನ ಕಪ್ಪು ಗುರುತು ಮೂಡಿತ್ತು. ಅವನು ಆ ಕಡೆಯಿಂದಲೇ ಕಚ್ಚಿದ.

"ಸಂಜೆ ಆಯ್ತು," ಅಂದಳು ಮೆಲ್ಲಗೆ. "ಅದೇನೋ ಕೇಳ್ಬೇಕು ಅಂದಿದ್ರಿ..."

"ಚೈನ್ ಬಿಗಿಯಾಗಿದ್ರೂ ದಿನಾ ಬರಬಹುದಾ?"

"ಬನ್ನಿ. ಆದ್ರೆ ಮೊದಲು ಮನೆಗೆ ಬಂದು ಅಪ್ಪನ್ನ ಕೇಳಿ."

ಹಿಂದಿರುಗುವಾಗ ಬಾಲವಾಗಿ ಬಂದವನು ಅವನು. ದಾರಿಯುದ್ದಕ್ಕೂ ಅವಳ ಕನ್ನಡಿಯಲ್ಲಿ ಒಂದು ದೀಪ ಉರಿಯುತ್ತಲೇ ಇತ್ತು.

ಆ ಸವಾರಿಯಿಂದ ಗ್ಯಾರೇಜು ಒಂದು ದಿನದ ದುಡಿಮೆ ಕಳೆದುಕೊಂಡಿತು. ವಾರವಾರ ಬರುತ್ತಿದ್ದ ಒಬ್ಬ ಗಿರಾಕಿಯೂ ಹೋದ. ಅವಳಿಗೆ, ಕಾಯುವುದು ಗೊತ್ತಿದ್ದ ಗಂಡ ಸಿಕ್ಕ.