ಇನ್ನೆಷ್ಟು ಬಳ್ಳಿ?

ಫ್ರಾನ್ಸಿನ ವಿಯೆನ್ ನದಿಯ ಇಳಿಜಾರಿನಲ್ಲಿರುವ ನಮ್ಮ ದ್ರಾಕ್ಷಿತೋಟದಲ್ಲಿ ಸಾಲಿಗೆ ನಲವತ್ತೇ ಬಳ್ಳಿ. ನಾನೇ ಎಣಿಸಿ ನೆಟ್ಟಿದ್ದು. ಕೊಯ್ಲಿಗೆ ಹದಿನೈದು ದಿನ ಮುಂಚೆ, ಮಧ್ಯಾಹ್ನ, ಗೆಳತಿ ಓದೀಲಳೂ ನಾನೂ ಬೆನ್ನಿಗೆ ಚೀಲ ಹಾಕಿ ನದಿಯುದ್ದಕ್ಕೂ ನಡೆಯಲು ಹೊರಟೆವು. ತೋಟ ದಾಟುವಾಗ ಒಂದೇ ಸಾಲಿನ ಆ ಬದಿಯಲ್ಲಿ ಅವಳು, ಈ ಬದಿಯಲ್ಲಿ ನಾನು. ನಡುವೆ ಎಲೆ, ತಂತಿ. ಅವಳ ಕೋಲು ಪ್ರತಿ ಕಂಬಕ್ಕೂ ತಗುಲಿ ಟಕ್ ಎನ್ನುತ್ತಿತ್ತು.

“ನಿಧಾನ ನಡಿಯೇ, ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರಾ?” ಎಂದು ರೇಗಿಸಿದಳು.

ನಾನು ಸಾಲಿನ ಕೊನೆ ಮುಟ್ಟಿ ಕಾದೆ. ಟಕ್, ಟಕ್. ಸದ್ದು ಪಕ್ಕದಲ್ಲೇ ಇತ್ತು; ಅವಳು ಮಾತ್ರ ಬರಲಿಲ್ಲ.

“ಇನ್ನೆಷ್ಟು ಬಳ್ಳಿ ಇವೆ ಕಣೇ?”

“ಮುಗೀತಲ್ಲೇ, ಬಾ!”

“ಎಲ್ಲಿ ಮುಗೀತು? ನಿನ್ನ ಕಾಲು ಕಾಣ್ತಿದೆ, ಸಾಲೇ ಮುಗೀತಿಲ್ಲ.”

ಆ ಬದಿಗೆ ಓಡಿ ನೋಡಿದೆ. ಉದ್ದಕ್ಕೂ ಬರೀ ಬಿಸಿಲು. ಈ ಬದಿಗೆ ಬಂದರೆ ಮತ್ತೆ ಅದೇ ಟಕ್. ಎಲೆಗಳೊಳಗೆ ಕೈ ತೂರಿಸಿದೆ. ಅವಳು ಹಿಡಿದುಕೊಂಡಳು, ಕೈ ಬಾವಿನೀರಿನಷ್ಟು ತಣ್ಣಗಿತ್ತು.

“ಬಿಡಬೇಡ ಕಣೇ.”

ನಾನು ಬಿಡಲಿಲ್ಲ. ಅವಳ ಬೆರಳುಗಳೇ ಒಂದೊಂದಾಗಿ ಜಾರಿದವು.

ಪೊಲೀಸರು ನದಿಯನ್ನೆಲ್ಲ ಜಾಲಾಡಿದರು. ಇದಾಗಿ ಆರು ವರ್ಷ. ಮೊನ್ನೆ ಕೊಯ್ಲಿಗೆ ಹೊಸದಾಗಿ ಬಂದ ಹೆಂಗಸು ಆ ಸಾಲಿನಿಂದ ಎದ್ದುಬಂದು ಕೇಳಿದಳು: “ಮದಾಮ್, ಆ ಬದೀಲಿ ಯಾರೋ ಇನ್ನೆಷ್ಟು ಬಳ್ಳಿ ಅಂತ ಕೇಳ್ತಾನೇ ಇದಾರೆ. ಏನಂತ ಹೇಳ್ಲಿ?”